ತೂಕವೂ ಚುಕ್ಕಾಣಿಯೂ

1878ನೆಯ ಇಸವಿಯಲ್ಲಿ, ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಪ್ಯಾಟರ್ಸನ್ ಪಟ್ಟಣವನ್ನು ಹಾಯ್ದು ಹರಿಯುವ ಪಸೇಯಿಕ್ ನದಿಯಲ್ಲಿ, ಐರ್ಲೆಂಡಿನಿಂದ ವಲಸೆ ಬಂದು ಆ ಊರಿನ ಪಾಠಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದ ಜಾನ್ ಫಿಲಿಪ್ ಹಾಲೆಂಡ್ ಎಂಬಾತನು ತನ್ನ ಮೊದಲನೆಯ ಜಲಾಂತರ್ಗಾಮಿಯನ್ನು ನೀರಿಗಿಳಿಸಿದನು. ಸುಮಾರು 14 ಅಡಿ ಉದ್ದವೂ 2¼ ಟನ್ ತೂಕವೂ ಇದ್ದ, ಒಬ್ಬನೇ ಮನುಷ್ಯನು ಹೇಗೋ ಕುಳಿತುಕೊಳ್ಳಬಹುದಾಗಿದ್ದ ಆ ಕಬ್ಬಿಣದ ಒಡಲಿನಲ್ಲಿ ಅಳವಡಿಸಿದ್ದ ಯಂತ್ರವು ನೆಚ್ಚಿದಂತೆ ನಡೆಯದಿರಲು, ಪಕ್ಕದಲ್ಲಿ ಸಾಗುತ್ತಿದ್ದ ಬೇರೊಂದು ದೋಣಿಯಿಂದ ಕೊಳವೆಯ ಮೂಲಕ ಉಗಿಯನ್ನು ಪಡೆದು ಹಾಲೆಂಡನು ತನ್ನ ಪರೀಕ್ಷೆಗಳನ್ನು ನಡೆಸಬೇಕಾಯಿತು. ಆದರೆ ಅವನಿಗೆ ಆ ಪರೀಕ್ಷೆಗಳು ಕಲಿಸಿದ ದೊಡ್ಡ ಪಾಠವು ಯಂತ್ರಕ್ಕೆ ಸಂಬಂಧಿಸಿದುದಲ್ಲ. ದೋಣಿಯನ್ನು ಆಳಕ್ಕೆ ಇಳಿಸುವುದಕ್ಕೆಂದು ಅವನು ಒಡಲಿನ ನಡುಭಾಗದಲ್ಲಿ, ಎರಡು ಪಕ್ಕಗಳಲ್ಲಿಯೂ, ಓರೆಯಾಗಿಸಬಹುದಾದ ಅಡ್ಡ ರೆಕ್ಕೆಗಳನ್ನು ಇಟ್ಟಿದ್ದನು. ಅವನ್ನು ಎಷ್ಟು ಓರೆಯಾಗಿಸಿದರೂ ದೋಣಿಯ ಮೂತಿ ಕೆಳಕ್ಕೆ ಬಾಗಲಿಲ್ಲ. ಪ್ರಯೋಗ ಮುಗಿದ ಮೇಲೆ ಬೇಕಾದ ಭಾಗಗಳನ್ನು ಕಳಚಿಕೊಂಡು ಒಡಲನ್ನು ಅದೇ ನದಿಯಲ್ಲಿ ಮುಳುಗಿಸಿಬಿಟ್ಟ ಹಾಲೆಂಡನು, ಮುಂದಿನ ದೋಣಿಯಲ್ಲಿ ರೆಕ್ಕೆಗಳನ್ನು ಬಾಲದ ಕಡೆಗೆ ಒಯ್ದನು. 1927ರಲ್ಲಿ ನದಿಯಿಂದ ಮೇಲೆತ್ತಿದ ಆ ಮೊದಲ ಒಡಲು ಇಂದಿಗೂ ಪ್ಯಾಟರ್ಸನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಮನೆಯಂಗಳದಲ್ಲಿ ಸ್ವಂತ ಕೈಯಿಂದ ಪುಟ್ಟ ಜಲಾಂತರ್ಗಾಮಿಯನ್ನು ಕಟ್ಟಲು ಹೊರಡುವ ಹವ್ಯಾಸಿಗಳು, ಹಾಲೆಂಡನು ಎದುರಿಸಿದ ಅದೇ ಪ್ರಶ್ನೆಯನ್ನು ಅದೇ ಗಾತ್ರದ ದೋಣಿಯಲ್ಲಿ ಇಂದಿಗೂ ಎದುರಿಸುತ್ತಿದ್ದಾರೆ.

ಪ್ರಶ್ನೆಯ ಕ್ಲಿಷ್ಟತೆಯು ಎಲ್ಲಿದೆಯೆಂಬುದನ್ನು ತಿಳಿಯಬೇಕಾದರೆ ತೇಲುವ ದೋಣಿಗೂ ಮುಳುಗಿದ ದೋಣಿಗೂ ಇರುವ ಭೇದವನ್ನು ಮೊದಲು ಗಮನಿಸಬೇಕು. ತೇಲುವ ದೋಣಿಗೆ ನೀರಿನ ಮೇಲ್ಮೈಯೇ ಒಂದು ದೊಡ್ಡ ಆಸರೆ: ಭಾರವನ್ನು ತುಸು ಹೆಚ್ಚಾಗಿ ಹೇರಿದರೆ ಒಡಲು ತುಸು ಹೆಚ್ಚಾಗಿ ಇಳಿದು, ಅದಕ್ಕೆ ತಕ್ಕಷ್ಟು ನೀರನ್ನು ಹೊರದೂಡಿ, ಯಾರ ಅಪ್ಪಣೆಗೂ ಕಾಯದೆ ಹೊಸ ಸಮತೋಲಕ್ಕೆ ಬಂದು ನಿಲ್ಲುತ್ತದೆ. ಪೂರ್ತಿಯಾಗಿ ಮುಳುಗಿದ ದೋಣಿಯಾದರೋ ಹೊರದೂಡಬೇಕಾದ ನೀರನ್ನೆಲ್ಲ ಆಗಲೇ ಹೊರದೂಡಿ ಮುಗಿಸಿರುತ್ತದೆ. ಇನ್ನೊಂದು ಕಿಲೋಗ್ರಾಂ ಭಾರ ಸೇರಿದರೆ ಅದನ್ನು ತಡೆಯುವ ಯಾವುದೂ ಇಲ್ಲವಾದ್ದರಿಂದ ಅದು ತಳವನ್ನು ಮುಟ್ಟುವ ತನಕ ಇಳಿಯುತ್ತಲೇ ಹೋಗುತ್ತದೆ. ಒಂದು ಕಿಲೋಗ್ರಾಂ ಕಡಮೆಯಾದರೆ ಮೇಲ್ಮೈಯನ್ನು ಸೇರುವ ತನಕ ಏರುತ್ತಲೇ ಹೋಗುತ್ತದೆ. ಮುಂದಕ್ಕೂ ಹಿಂದಕ್ಕೂ ತೂಗಾಡುವ ವಿಷಯದಲ್ಲಿಯೂ ಹೀಗೆಯೇ. ಉದ್ದನೆಯ ತೇಲುದೋಣಿಯ ಮೂತಿಯನ್ನು ಒತ್ತಿದರೆ ಅಲ್ಲಿನ ನೀರು ಅದನ್ನು ಬಲವಾಗಿ ಮೇಲೆತ್ತುತ್ತದೆ. ಮುಳುಗಿದ ದೋಣಿಗೆ ಆ ಬೆಂಬಲವೂ ತಪ್ಪಿಹೋಗಿ, ಅದು ಪಕ್ಕಕ್ಕೆ ಎಷ್ಟು ಸುಲಭವಾಗಿ ಹೊರಳಬಲ್ಲುದೋ ಉದ್ದಕ್ಕೂ ಅಷ್ಟೇ ಸುಲಭವಾಗಿ ಬಾಗಬಲ್ಲ ವಸ್ತುವಾಗುತ್ತದೆ.

ಹೀಗೆ ಬಾಗಿದ ದೋಣಿಯನ್ನು ಮರಳಿ ನೇರಕ್ಕೆ ತರತಕ್ಕ ಶಕ್ತಿ ಒಂದೇ ಒಂದು. ದೋಣಿಯ ಭಾರವೆಲ್ಲ ಕೆಳಮುಖವಾಗಿ ಎಳೆಯುವ ಬಿಂದುವಾದ ಗುರುತ್ವಕೇಂದ್ರವು, ನೀರಿನ ಎತ್ತುಬಲವೆಲ್ಲ ಮೇಲ್ಮುಖವಾಗಿ ವರ್ತಿಸುವ ಬಿಂದುವಾದ ಪ್ಲವನಕೇಂದ್ರಕ್ಕಿಂತ ಕೆಳಗೆ ಇದ್ದರೆ, ಮಾಡಿಗೆ ತೂಗುಹಾಕಿದ ತೊಟ್ಟಿಲನ್ನು ಎತ್ತ ತಳ್ಳಿದರೂ ಅದು ತನ್ನ ನೆಲೆಗೆ ಮರಳುವಂತೆ, ದೋಣಿಯೂ ನೇರಕ್ಕೆ ಮರಳುತ್ತದೆ. ಈ ಎರಡು ಬಿಂದುಗಳ ನಡುವಣ ಅಂತರವು ಸಣ್ಣ ಜಲಾಂತರ್ಗಾಮಿಗಳಲ್ಲಿ ಕೆಲವೇ ಸೆಂಟಿಮೀಟರುಗಳು ಮಾತ್ರ. ಸೀಸದ ಬ್ಯಾಟರಿಗಳನ್ನೂ ಬ್ಯಾಲಸ್ಟಿನ, ಅಂದರೆ ತೂಕಕ್ಕೆಂದೇ ಇಡುವ, ಕಬ್ಬಿಣವನ್ನೂ ಆದಷ್ಟು ತಳದಲ್ಲಿಯೂ, ಗಾಳಿ ತುಂಬಿದ ತೊಟ್ಟಿಗಳನ್ನು ಆದಷ್ಟು ಮೇಲುಗಡೆಯಲ್ಲಿಯೂ ಇರಿಸಿ, ಕಟ್ಟುವವನು ಸೆಂಟಿಮೀಟರಿಗೆ ಸೆಂಟಿಮೀಟರನ್ನು ಕೂಡಿಸಿಕೊಳ್ಳಬೇಕಾಗುತ್ತದೆ.

ಇನ್ನು ರೆಕ್ಕೆಯ, ಅಂದರೆ ಏರಿಳಿತದ ಚುಕ್ಕಾಣಿಯ, ವಿಷಯ. ಓಡುವ ನೀರಿಗೆ ಓರೆಯಾಗಿ ಹಿಡಿದ ಹಲಗೆಯ ಮೇಲೆ ಉಂಟಾಗುವ ಬಲವು ನೀರಿನ ಸಾಂದ್ರತೆಯನ್ನೂ, ಹಲಗೆಯ ವಿಸ್ತೀರ್ಣವನ್ನೂ, ಓರೆಯ ಕೋನವನ್ನೂ ಅವಲಂಬಿಸಿರುವುದಲ್ಲದೆ, ಇವೆಲ್ಲಕ್ಕಿಂತ ಮಿಗಿಲಾಗಿ ವೇಗದ ವರ್ಗವನ್ನು ಅವಲಂಬಿಸಿದೆ. ಅಂದರೆ ವೇಗವು ಇಮ್ಮಡಿಯಾದರೆ ಬಲವು ನಾಲ್ಮಡಿಯಾಗುತ್ತದೆ, ವೇಗವು ಅರ್ಧಕ್ಕಿಳಿದರೆ ಬಲವು ಕಾಲುಭಾಗಕ್ಕೆ ಇಳಿಯುತ್ತದೆ. ನೀರಿನ ಸಾಂದ್ರತೆ ಗಾಳಿಯ ಸಾಂದ್ರತೆಗಿಂತ ಸುಮಾರು 800 ಮಡಿ ಹೆಚ್ಚಾಗಿರುವುದರಿಂದ ಜಲಾಂತರ್ಗಾಮಿಗೆ ವಿಮಾನದಷ್ಟು ದೊಡ್ಡ ರೆಕ್ಕೆಗಳು ಬೇಕಾಗಿಲ್ಲವೆಂಬುದು ನಿಜ. ಆದರೆ ವಿಮಾನವು ಗಂಟೆಗೆ ನೂರಾರು ಕಿಲೋಮೀಟರು ಹಾರುತ್ತದೆ. ಮನೆಯಲ್ಲಿ ಕಟ್ಟಿದ ಜಲಾಂತರ್ಗಾಮಿಯು ಸಾಮಾನ್ಯವಾಗಿ ಮನುಷ್ಯನು ನಡೆಯುವ ವೇಗವನ್ನು ಮೀರುವುದಿಲ್ಲ. ವರ್ಗದ ಈ ನಿಯಮವು ವೇಗವಂತರಿಗೆ ಎಷ್ಟು ಉದಾರವೋ ಮಂದಗತಿಯವರಿಗೆ ಅಷ್ಟೇ ಕೃಪಣವಾದುದು.

ಲೆಕ್ಕ ಹಾಕಿ ನೋಡೋಣ. ಹಾಲೆಂಡನ ಮೊದಲ ದೋಣಿಯನ್ನು ಹೋಲುವ, 2,000 ಕಿಲೋಗ್ರಾಂ ತೂಕದ ಒಂದು ಪುಟ್ಟ ಜಲಾಂತರ್ಗಾಮಿಯನ್ನು ಕಲ್ಪಿಸಿಕೊಳ್ಳೋಣ. ಅದರ ಎರಡು ಕೇಂದ್ರಗಳ ನಡುವಣ ಅಂತರ 10 ಸೆಂಟಿಮೀಟರು. ಅದರ ಬಾಲದಲ್ಲಿ, ಗುರುತ್ವಕೇಂದ್ರದಿಂದ ಒಂದೂವರೆ ಮೀಟರು ಹಿಂದೆ, ಒಟ್ಟು ಒಂದು ಚದರ ಮೀಟರಿನ ಐದರಲ್ಲೊಂದು ಪಾಲು ವಿಸ್ತೀರ್ಣದ ಅಡ್ಡ ರೆಕ್ಕೆಗಳು. ಸೆಕೆಂಡಿಗೆ ಒಂದು ಮೀಟರು, ಅಂದರೆ ಸುಮಾರು ಎರಡು ನಾಟ್ ವೇಗದಲ್ಲಿ, ರೆಕ್ಕೆಗಳನ್ನು ಸಾಧಾರಣವಾಗಿ ಓರೆಯಾಗಿಸಿದಾಗ ಅವು ಒದಗಿಸುವ ಬಲವು ಐದು ಕಿಲೋಗ್ರಾಂ ತೂಕದಷ್ಟು. ಅದರಿಂದ ದೋಣಿಯು ಬಾಗುವ ಕೋನ ಎರಡು ಡಿಗ್ರಿಗಿಂತ ತುಸು ಹೆಚ್ಚು. ವೇಗವನ್ನು ಇಮ್ಮಡಿಸಿದರೆ ಬಲವು 20 ಕಿಲೋಗ್ರಾಮಿಗೆ ಏರಿ ದೋಣಿಯು ಸುಮಾರು ಒಂಬತ್ತು ಡಿಗ್ರಿ ಬಾಗುತ್ತದೆ. ವೇಗವನ್ನು ಅರ್ಧಕ್ಕಿಳಿಸಿದರೆ ಬಲವು ಒಂದೂಕಾಲು ಕಿಲೋಗ್ರಾಮಿನಷ್ಟಾಗಿ, ಬಾಗು ಅರ್ಧ ಡಿಗ್ರಿಗೆ ಇಳಿದು, ಒಳಗೆ ಕುಳಿತವನಿಗೆ ಗೊತ್ತಾಗುವುದೇ ಇಲ್ಲ.

ಈ ಅಂಕಿಗಳ ಪಕ್ಕದಲ್ಲಿ ತೂಕದ ಅಂಕಿಗಳನ್ನು ಇಟ್ಟು ನೋಡಬೇಕು. ಅದೇ ದೋಣಿಯಲ್ಲಿ 70 ಕಿಲೋಗ್ರಾಂ ತೂಕದ ಚಾಲಕನು ತನ್ನ ಆಸನವನ್ನು ಒಂದಡಿಯಷ್ಟು ಮುಂದಕ್ಕೆ ಸರಿಸಿಕೊಂಡರೆ ಸಾಕು, ದೋಣಿಯು ಆರು ಡಿಗ್ರಿ ಮೂತಿಯಿಳಿಸುತ್ತದೆ. ಮತ್ತು ದೋಣಿಯು ಓಡುತ್ತಿರಲಿ, ನಿಂತಿರಲಿ, ಈ ಆರು ಡಿಗ್ರಿಗಳಲ್ಲಿ ರವಷ್ಟೂ ಕಡಮೆಯಾಗುವುದಿಲ್ಲ. ಸಿಹಿನೀರಿನ ಕೆರೆಯಲ್ಲಿ ಕರಾರುವಾಕ್ಕಾಗಿ ತೂಗಿಸಿದ ಈ ದೋಣಿಯನ್ನು ಸಮುದ್ರಕ್ಕೆ ಒಯ್ದರೆ, ಉಪ್ಪುನೀರಿನ ಸಾಂದ್ರತೆ ನೂರಕ್ಕೆ ಎರಡೂವರೆ ಪಾಲು ಹೆಚ್ಚಾಗಿರುವ ಒಂದೇ ಕಾರಣದಿಂದ, ಅದನ್ನು ಮುಳುಗಿಸಲು ಇನ್ನೂ 50 ಕಿಲೋಗ್ರಾಂ ಭಾರ ಬೇಕಾಗುತ್ತದೆ. ಎರಡು ನಾಟ್ ವೇಗದ ರೆಕ್ಕೆಗಳು ಒದಗಿಸುವ ಬಲದ ಹತ್ತುಪಟ್ಟು ಅದು. ಹೊರಕವಚದ ಮೂಲೆಯೊಂದರಲ್ಲಿ ಐದು ಲೀಟರಿನಷ್ಟು ಗಾಳಿ ಕಣ್ತಪ್ಪಿ ಉಳಿದುಕೊಂಡಿದ್ದರೆ, ಹತ್ತು ಮೀಟರು ಆಳಕ್ಕೆ ಇಳಿಯುವಷ್ಟರಲ್ಲಿ ಒತ್ತಡವು ಇಮ್ಮಡಿಯಾಗಿ ಆ ಗಾಳಿಯು ಎರಡೂವರೆ ಲೀಟರಿಗೆ ಕುಗ್ಗುತ್ತದೆ. ಮೇಲೆ ಸರಿಯಾಗಿ ತೂಗುತ್ತಿದ್ದ ದೋಣಿಯು ಕೆಳಗೆ ಎರಡೂವರೆ ಕಿಲೋಗ್ರಾಂ ಭಾರವಾಗಿ, ಇನ್ನೂ ಕೆಳಕ್ಕೆ ಹೊರಡುತ್ತದೆ. ಪುಟ್ಟ ಜಲಾಂತರ್ಗಾಮಿಯ ಪ್ರಪಂಚದಲ್ಲಿ ಚುಕ್ಕಾಣಿಯ ಅಧಿಕಾರವು ವೇಗದೊಡನೆ ಬಂದು ವೇಗದೊಡನೆ ಹೋಗುವ ಅಧಿಕಾರ. ತೂಕದ ಅಧಿಕಾರವು ಎಂದೆಂದಿಗೂ ಇರತಕ್ಕುದು. ತೂಕವು ಕೆಡಿಸಿದುದನ್ನು ಚುಕ್ಕಾಣಿಯು ಸರಿಪಡಿಸಲಾರದೆಂಬುದೇ ಈ ಅಧ್ಯಾಯದ ಸಾರ.

ಕೆಡುಕು ಇಷ್ಟಕ್ಕೇ ನಿಲ್ಲುವುದಿಲ್ಲ. ಬಾಲದ ರೆಕ್ಕೆಗಳಿಂದ ದೋಣಿಯನ್ನು ಮೇಲಕ್ಕೇರಿಸುವ ಕ್ರಮವನ್ನು ಯೋಚಿಸಿ ನೋಡಿ. ರೆಕ್ಕೆಗಳು ಬಾಲವನ್ನು ಕೆಳಕ್ಕೆ ಒತ್ತುತ್ತವೆ. ಬಾಲವು ಇಳಿದು ಮೂತಿಯು ಏರುತ್ತದೆ. ಹೀಗೆ ಓರೆಯಾದ ಒಡಲಿನ ತಳಕ್ಕೆ ನೀರು ಅಪ್ಪಳಿಸಿ ಇಡೀ ದೋಣಿಯನ್ನು ಮೇಲಕ್ಕೆತ್ತುತ್ತದೆ. ಮೊದಲ ಹೆಜ್ಜೆಯ ಒತ್ತು ಕೆಳಮುಖವಾದುದೆಂಬುದನ್ನೂ, ಕೊನೆಯ ಹೆಜ್ಜೆಯ ಎತ್ತು ಒಡಲಿನ ಬಾಗನ್ನು ಅವಲಂಬಿಸಿದೆಯೆಂಬುದನ್ನೂ ಮರೆಯಬಾರದು. ವೇಗವಾಗಿ ಹೋಗುವಾಗ ಬಾಗು ಹೆಚ್ಚಾಗಿದ್ದು ಎತ್ತು ಒತ್ತನ್ನು ಮೀರಿಸುತ್ತದೆ. ತೀರ ನಿಧಾನವಾದಾಗ, ಮೇಲೆ ಹೇಳಿದ ಎರಡು ಕೇಂದ್ರಗಳ ಬಲವು ದೋಣಿಯನ್ನು ಬಾಗಗೊಡುವುದೇ ಇಲ್ಲ. ಮೂತಿಯು ಏರದು, ತಳಕ್ಕೆ ನೀರು ಹೊಡೆಯದು. ಉಳಿಯುವುದು ಬಾಲದ ಮೇಲಣ ಕೆಳಮುಖದ ಒತ್ತು ಮಾತ್ರ. ಆಗ ಏರೆಂದು ಆಜ್ಞಾಪಿಸಿದ ದೋಣಿಯು ಮೆಲ್ಲನೆ ಇಳಿಯತೊಡಗುತ್ತದೆ. ದೊಡ್ಡ ಯುದ್ಧ ಜಲಾಂತರ್ಗಾಮಿಗಳಲ್ಲಿಯೂ ಎರಡು ನಾಟ್‌ಗಳ ಆಸುಪಾಸಿನಲ್ಲಿ ಈ ವಿಪರ್ಯಾಸವು ತಲೆದೋರುವುದರಿಂದ, ನಿಧಾನಗತಿಯಲ್ಲಿ ಅವುಗಳ ಚಾಲಕರು ಮೂತಿಯ ಕಡೆಯ ರೆಕ್ಕೆಗಳನ್ನು ನೆಚ್ಚುತ್ತಾರೆ. ಅಲ್ಲಿ ಮೇಲ್ಮುಖವಾದ ಒತ್ತು ಮೂತಿಯನ್ನೂ ಎತ್ತುತ್ತದೆ, ದೋಣಿಯನ್ನೂ ಎತ್ತುತ್ತದೆ, ಎರಡು ಪರಿಣಾಮಗಳಿಗೆ ಜಗಳವಿಲ್ಲ. ಯುದ್ಧನೌಕೆಯು ಅಪರೂಪಕ್ಕೆ ಎದುರಿಸುವ ಈ ವೇಗವೇ ಹವ್ಯಾಸಿಯ ದೋಣಿಗೆ ದಿನದ ನಡಿಗೆಯಾಗಿದೆ.

ಇದರಿಂದ ಇನ್ನೊಂದು ತತ್ತ್ವವೂ ಹೊರಡುತ್ತದೆ. ಚುಕ್ಕಾಣಿಯು ದೋಣಿಯನ್ನು ತಿರುಗಿಸುತ್ತದೆಯೆಂದು ನಾವು ಆಡುಮಾತಿನಲ್ಲಿ ಹೇಳುವುದುಂಟು. ವಾಸ್ತವವಾಗಿ ಅದು ಮಾಡುವ ಕೆಲಸವೆಂದರೆ ಒಡಲನ್ನು ನೀರಿನ ಹರಿವಿಗೆ ಓರೆಯಾಗಿಸುವುದಷ್ಟೆ. ಓರೆಯಾದ ಒಡಲಿನ ವಿಶಾಲವಾದ ಪಕ್ಕಕ್ಕೆ ಹೊಡೆದ ನೀರೇ ದೋಣಿಯನ್ನು ಹೊಸ ದಾರಿಗೆ ತಳ್ಳುವುದು. ನೀಳವಾದ ಒಡಲು ಬೇರೆ ತನ್ನಷ್ಟಕ್ಕೆ ಬಿಟ್ಟರೆ ನೇರವಾಗಿ ಓಡಲು ಒಪ್ಪುವುದಿಲ್ಲ. ತುಸು ಓರೆಯಾದೊಡನೆ ಇನ್ನಷ್ಟು ಓರೆಯಾಗಿ, ಕಡೆಗೆ ಅಡ್ಡಡ್ಡ ನಿಲ್ಲುವುದಕ್ಕೆ ಹವಣಿಸುತ್ತದೆ. ಮ್ಯಾಕ್ಸ್ ಮುಂಕ್ ಎಂಬ ವಿಜ್ಞಾನಿಯು 1924ರಲ್ಲಿ ವಾಯುನೌಕೆಗಳ ಒಡಲುಗಳನ್ನು ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ ಈ ತಿರುಚುಬಲವನ್ನು ಗಣಿತದಿಂದ ನಿರೂಪಿಸಿದನು. ಅದೂ ವೇಗದ ವರ್ಗದೊಡನೆ ಬೆಳೆಯುವ ಬಲವಾದುದರಿಂದ, ನಿಧಾನವಾದ ದೋಣಿಯನ್ನು ತಳದ ಭಾರವೇ ಬಾಗದಂತೆ ಕಾಯುತ್ತದೆ. ವೇಗವಾದ ದೋಣಿಗಾದರೋ ಬಾಣದ ಗರಿಗಳಂತೆ ಬಾಲದಲ್ಲಿ ಅಲುಗಾಡದ ಸ್ಥಿರ ರೆಕ್ಕೆಗಳು ಬೇಕೇ ಬೇಕು. ಚಲಿಸುವ ರೆಕ್ಕೆಗಳನ್ನು ಮಾತ್ರ ಇಟ್ಟು ಸ್ಥಿರ ರೆಕ್ಕೆಗಳನ್ನು ಮರೆತವನ ದೋಣಿಯಲ್ಲಿ ಚಾಲಕನು ಪ್ರತಿಕ್ಷಣವೂ ಅತ್ತಿತ್ತ ತಿದ್ದುತ್ತಲೇ ಇರಬೇಕಾಗುತ್ತದೆ.

ತೂಕದ ಅಧಿಕಾರವನ್ನು ಅಲಕ್ಷಿಸಿದುದರ ಫಲವು ಜಲಾಂತರ್ಗಾಮಿಗಳ ಚರಿತ್ರೆಯಲ್ಲಿ ಬಹು ಹಿಂದೆಯೇ ದಾಖಲಾಗಿದೆ. ಜರ್ಮನಿಯ ವಿಲ್‌ಹೆಲ್ಮ್ ಬೌವರ್ ಎಂಬ ಸೈನಿಕನು ಕಟ್ಟಿದ ‘ಬ್ರಾಂಟ್‌ಟೌಖರ್’ ದೋಣಿಯಲ್ಲಿ ಮೂತಿಯನ್ನು ಏರಿಳಿಸಲು ಮುಂದಕ್ಕೂ ಹಿಂದಕ್ಕೂ ಸರಿಸಬಹುದಾದ ಭಾರವಿತ್ತು. ಆ ಯೋಚನೆಯು ಸಮಂಜಸವಾದುದೇ. ಆದರೆ ಮುಳುಗುವುದಕ್ಕಾಗಿ ತುಂಬಿಕೊಂಡ ನೀರು ಮುಚ್ಚಿದ ತೊಟ್ಟಿಗಳಲ್ಲಿರದೆ ಒಡಲಿನ ತಳದಲ್ಲಿ ಸ್ವೇಚ್ಛೆಯಾಗಿ ಹರಿದಾಡುತ್ತಿತ್ತು. 1851ರ ಫೆಬ್ರವರಿ 1ರಂದು ಕೀಲ್ ಬಂದರಿನಲ್ಲಿ ಮುಳುಗಿದಾಗ ದೋಣಿಯು ಬಾಲದ ಕಡೆಗೆ ತುಸು ವಾಲಲು, ನೀರೆಲ್ಲ ಅತ್ತ ಹರಿಯಿತು. ಹರಿದ ನೀರು ವಾಲನ್ನು ಹೆಚ್ಚಿಸಿತು. ಹೆಚ್ಚಿದ ವಾಲು ಇನ್ನಷ್ಟು ನೀರನ್ನು ಸೆಳೆಯಿತು. ದೋಣಿಯು ತಳ ಸೇರಿತು. ಬೌವರನೂ ಅವನ ಇಬ್ಬರು ಜೊತೆಗಾರರೂ ಗಂಟೆಗಟ್ಟಲೆ ಕಾದು, ಒಳಕ್ಕೆ ನೀರನ್ನು ಬಿಟ್ಟುಕೊಂಡು, ಒಳಗಿನ ಗಾಳಿಯ ಒತ್ತಡವು ಹೊರಗಿನದಕ್ಕೆ ಸಮನಾದ ಮೇಲೆ ಬಾಗಿಲನ್ನು ತೆರೆದು ಮೇಲೆದ್ದು ಬದುಕಿಕೊಂಡರು. ಅರೆತುಂಬಿದ ತೊಟ್ಟಿಯನ್ನು ಇಂದಿನ ಹವ್ಯಾಸಿಗಳು ಹಾವಿನಂತೆ ಕಂಡು ದೂರವಿಡುವುದಕ್ಕೂ, ತೊಟ್ಟಿಗಳನ್ನು ಪೂರ್ತಿ ತುಂಬಿಸಬೇಕು ಇಲ್ಲವೇ ಪೂರ್ತಿ ಬರಿದುಮಾಡಬೇಕೆಂದು ವಿಧಿಸಿಕೊಂಡಿರುವುದಕ್ಕೂ ಇದೇ ಕಾರಣ.

ಮುಳುಗುವ ಬಗೆಯಲ್ಲಿ ಎರಡು ಸಂಪ್ರದಾಯಗಳು ಬೆಳೆದವು. ದೋಣಿಯು ನೀರಿಗಿಂತ ಸದಾ ತುಸು ಹಗುರವಾಗಿಯೇ ಇರತಕ್ಕದ್ದು, ಬಾಲದ ರೆಕ್ಕೆಗಳಿಂದ ಮೂತಿಯನ್ನು ಬಾಗಿಸಿ ಓಟದ ಬಲದಿಂದಲೇ ಆಳಕ್ಕೆ ಹೋಗತಕ್ಕದ್ದು, ಓಟ ನಿಂತರೆ ತಾನಾಗಿ ಮೇಲೇಳತಕ್ಕದ್ದು ಎಂಬುದು ಹಾಲೆಂಡನ ಮತ. ದೋಣಿಯು ಬಾಗಲೇಕೂಡದು, ಮುಂದೆಯೂ ಹಿಂದೆಯೂ ಸಮದೂರದಲ್ಲಿಟ್ಟ ರೆಕ್ಕೆಗಳು ಒಟ್ಟಿಗೆ ಒತ್ತಿ ಅದನ್ನು ಮಟ್ಟಸವಾಗಿಯೇ ಇಳಿಸಬೇಕು ಎಂಬುದು ಅವನ ಪ್ರತಿಸ್ಪರ್ಧಿಯಾದ ಸೈಮನ್ ಲೇಕನ ಮತ. ಲೇಕನು 1894ರಲ್ಲಿ ಕಟ್ಟಿದ ‘ಆರ್ಗೊನಾಟ್ ಜೂನಿಯರ್’ ಎಂಬುದು ಅಪ್ಪಟ ಮನೆಯ ಕೈಗೆಲಸ: ಹಳದಿ ಪೈನ್ ಮರದ ಎರಡು ಪದರಗಳ ನಡುವೆ ಟಾರು ಬಳಿದ ಕ್ಯಾನ್ವಾಸು, ಅದುಮಿದ ಗಾಳಿಗೆ ಸೋಡಾ ಅಂಗಡಿಯ ತೊಟ್ಟಿ, ತಳದ ಮೇಲೆ ಉರುಳಲು ಕೈಯಿಂದ ತಿರುಗಿಸುವ ಚಕ್ರಗಳು. ಯುದ್ಧನೌಕೆಗಳು ಇಬ್ಬರಿಂದಲೂ ಎರವಲು ಪಡೆದವು. ಇಂದಿನ ಹವ್ಯಾಸಿಗೆ ಬೇಕಾದುದು ವೇಗವಲ್ಲ, ಬಂಡೆಯೊಂದರ ಮುಂದೆ ನಿಂತು ಮೀನುಗಳನ್ನು ನೋಡುವ ನೆಮ್ಮದಿ. ಆದುದರಿಂದ ಅವನ ಒಲವು ಹೆಚ್ಚಾಗಿ ಲೇಕನ ಕಡೆಗೆ.

ಚುಕ್ಕಾಣಿಯನ್ನು ಪ್ರೊಪೆಲರಿನ ಹಿಂದೆ ಇಡಬೇಕೋ ಮುಂದೆ ಇಡಬೇಕೋ ಎಂಬ ಚರ್ಚೆಯೂ ಹಳೆಯದೇ. 1897ರಲ್ಲಿ ನೀರಿಗಿಳಿದ ಹಾಲೆಂಡನ ಆರನೆಯ ದೋಣಿಯಲ್ಲಿ ಚುಕ್ಕಾಣಿಯು ಮೊದಲು ಪ್ರೊಪೆಲರಿಗಿಂತ ಮುಂದೆ ಇತ್ತು. ದೋಣಿಯು ಹೇಳಿದ ಮಾತು ಕೇಳದಿರಲು, ಅಮೆರಿಕದ ನೌಕಾದಳವು 1900ರಲ್ಲಿ ಅದನ್ನು ಕೊಳ್ಳುವ ಮೊದಲೇ ಬಾಲವನ್ನು ಬಿಚ್ಚಿ ಚುಕ್ಕಾಣಿಗಳನ್ನು ಪ್ರೊಪೆಲರಿನ ಹಿಂದಕ್ಕೆ ಸಾಗಿಸಲಾಯಿತು. ಅರ್ಧ ಶತಮಾನದ ತರುವಾಯ ಅದೇ ನೌಕಾದಳವು ಪ್ರಯೋಗಾರ್ಥವಾಗಿ ಕಟ್ಟಿದ, ನೀರಹನಿಯ ಆಕಾರದ ‘ಆಲ್ಬಕೋರ್’ ನೌಕೆಯಲ್ಲಿ ಇದಕ್ಕೆ ನೇರ ವಿರುದ್ಧವಾದುದು ನಡೆಯಿತು: 1956ರಲ್ಲಿ ಅದರ ಬಾಲವನ್ನು ಮಾರ್ಪಡಿಸಿ, ಪ್ರೊಪೆಲರನ್ನು ಎಲ್ಲ ಚುಕ್ಕಾಣಿಗಳಿಗಿಂತಲೂ ಹಿಂದಕ್ಕೆ ಒಯ್ದರು. ಎರಡು ನಿರ್ಧಾರಗಳೂ ಸರಿಯಾದವೇ, ವ್ಯತ್ಯಾಸವು ವೇಗದ್ದು. ವೇಗವಾಗಿ ಸಾಗುವ ನೌಕೆಯ ಚುಕ್ಕಾಣಿಗೆ ಓಟದ ನೀರೇ ಧಾರಾಳವಾಗಿ ಸಿಗುವುದರಿಂದ, ಪ್ರೊಪೆಲರಿಗೆ ಅಡ್ಡಿಯಿಲ್ಲದ ಹಿಂಗಡೆಯನ್ನು ಬಿಟ್ಟುಕೊಟ್ಟರೆ ದಕ್ಷತೆ ಹೆಚ್ಚುತ್ತದೆ. ನಿಧಾನವಾದ ಪುಟ್ಟ ದೋಣಿಯ ಚುಕ್ಕಾಣಿಗಾದರೋ ಪ್ರೊಪೆಲರು ಹಿಂದಕ್ಕೆ ಎರಚುವ ನೀರೇ ಜೀವಾಧಾರ; ದೋಣಿಯು ನಿಂತಿದ್ದರೂ ಪ್ರೊಪೆಲರನ್ನು ಒಮ್ಮೆ ಬಿರುಸಾಗಿ ತಿರುಗಿಸಿದರೆ ಆ ಎರಚಿನಲ್ಲಿ ನಿಂತ ಚುಕ್ಕಾಣಿಯು ಕೂಡಲೇ ಕಚ್ಚಿಕೊಳ್ಳುತ್ತದೆ.

ಇದಕ್ಕಿಂತಲೂ ನೇರವಾದ ಉಪಾಯವೆಂದರೆ ಚುಕ್ಕಾಣಿಯ ಕೆಲಸವನ್ನೇ ಮೋಟಾರಿಗೆ ಒಪ್ಪಿಸುವುದು. ಅಮೆರಿಕದ ನೌಕಾದಳದಲ್ಲಿ ಜಲಾಂತರ್ಗಾಮಿಗಳ ಅಧಿಕಾರಿಯಾಗಿದ್ದು ನಿವೃತ್ತನಾದ ಜಾರ್ಜ್ ಕಿಟ್ರೆಡ್ಜ್ ಎಂಬಾತನು, ಮೇನ್ ಸಂಸ್ಥಾನದಲ್ಲಿ ನೆಲಸಿ, 250 ಅಡಿ ಆಳಕ್ಕೆಂದು ರೂಪಿಸಿದ ಒಬ್ಬರ ‘ಕೆ-250’ ಮತ್ತು 350 ಅಡಿ ಆಳದ ‘ಕೆ-350’ ದೋಣಿಗಳ ಮೂಲಕ ಹವ್ಯಾಸಿಗಳಿಗೆ ದಾರಿ ತೋರಿದನು. ಆ ಪರಂಪರೆಯ ಇಂದಿನ ದೋಣಿಗಳಲ್ಲಿ, ಕೆರೆಯ ಮೀನುಗಾರರು ತಮ್ಮ ಸಣ್ಣ ದೋಣಿಗಳಿಗೆ ಕಟ್ಟಿಕೊಳ್ಳುವ ಬ್ಯಾಟರಿ ಮೋಟಾರುಗಳನ್ನು ಕೊಂಡು, ಹೊರಗಿನ ಒತ್ತಡವನ್ನು ತಾಳುವಂತೆ ಒಳಗೆ ಎಣ್ಣೆಯನ್ನು ತುಂಬಿ, ಒಡಲಿನ ಎಡಬಲಗಳಲ್ಲಿ ಕೂರಿಸುವುದು ಸಾಮಾನ್ಯವಾಗಿದೆ. ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಓಡಿಸಿದರೆ ದೋಣಿಯು ನಿಂತಲ್ಲಿಯೇ ತಿರುಗುತ್ತದೆ. ಮೋಟಾರನ್ನೇ ಮೇಲ್ಮುಖವಾಗಿ ತಿರುಗಿಸಿದರೆ ಅದು ದೋಣಿಯನ್ನು ಎತ್ತುತ್ತದೆ. ಇಂಥ ಸಾಧಾರಣ ಮೋಟಾರೊಂದರ ತಳ್ಳುಬಲ 25 ಕಿಲೋಗ್ರಾಂ. ನಮ್ಮ ಕಲ್ಪನೆಯ ದೋಣಿಯ ರೆಕ್ಕೆಗಳು ನಾಲ್ಕು ನಾಟ್ ವೇಗದಲ್ಲಿಯೂ ಅಷ್ಟನ್ನು ಕೊಡಲಾರವು. ರೆಕ್ಕೆಯ ಅವಶ್ಯಕತೆಯೇ ಇಲ್ಲವೆಂದು ಇದರಿಂದ ತಿಳಿಯಬಾರದು. ಮೋಟಾರು ಬ್ಯಾಟರಿಯನ್ನು ತಿನ್ನುತ್ತದೆ, ರೆಕ್ಕೆಗೆ ವೆಚ್ಚವಿಲ್ಲ. ದೂರದ ದಾರಿಯಲ್ಲಿ ಆಳವನ್ನು ಕಾಯ್ದುಕೊಂಡು ಹೋಗುವ ಕೆಲಸಕ್ಕೆ ಒಮ್ಮೆ ಓರೆಯಾಗಿಸಿ ಬಿಗಿದ ರೆಕ್ಕೆಯಷ್ಟು ಮಿತವ್ಯಯದ ಸಾಧನ ಬೇರೊಂದಿಲ್ಲ.

ರೆಕ್ಕೆಯನ್ನು ಮಾಡುವ ಕೆಲಸವೂ ವಿವೇಕವನ್ನು ಬೇಡುತ್ತದೆ. ಎರಡು ಮೈಗಳೂ ಸಮಾನವಾಗಿ ಉಬ್ಬಿದ, ಮುಂಗಡೆ ದುಂಡಾಗಿ ಹಿಂಗಡೆ ಮೊನಚಾದ ಅಡ್ಡಕೊಯ್ತ ಮೇಲು. ಸಪಾಟಾದ ತಗಡೂ ಕೆಲಸ ಮಾಡುತ್ತದೆಯಾದರೂ ಬೇಗ ಸೋಲುತ್ತದೆ. ತಿರುಗುವ ಕೀಲನ್ನು ರೆಕ್ಕೆಯ ಮುಂದಂಚಿಗೇ ಹೊಂದಿಸಿದರೆ ನೀರಿನ ಪೂರ್ತಿ ಭಾರವು ಚಾಲಕನ ಕೈಮೇಲೆ ಬೀಳುತ್ತದೆ. ನೀರಿನ ಬಲವು ಕೇಂದ್ರೀಕೃತವಾಗುವ ಬಿಂದುವು ಮುಂದಂಚಿನಿಂದ ಅಗಲದ ಕಾಲುಭಾಗದಷ್ಟು ಹಿಂದೆ ಇರುವುದರಿಂದ, ಕೀಲನ್ನು ಆ ಬಿಂದುವಿಗಿಂತ ತುಸುವೇ ಮುಂದೆ ಇಟ್ಟರೆ ಸನ್ನೆಯು ಹಗುರವಾಗಿ ಆಡುತ್ತದೆ. ಹಿಂದೆ ಇಟ್ಟರೆ ರೆಕ್ಕೆಯು ಕೈಯಿಂದ ಕಿತ್ತುಕೊಂಡು ತಾನೇ ಪೂರ್ತಿ ತಿರುಗಿಬಿಡುತ್ತದೆ. ಸನ್ನೆಯ ದಂಡವು ಒಡಲನ್ನು ತೂರಿಬರುವ ರಂಧ್ರವಾದರೋ ಇನ್ನೂ ಎಚ್ಚರದ ಸ್ಥಳ. ಎರಡು ಸೆಂಟಿಮೀಟರು ದಪ್ಪದ ದಂಡವನ್ನು 50 ಮೀಟರು ಆಳದ ನೀರು ಸುಮಾರು 16 ಕಿಲೋಗ್ರಾಂ ಬಲದಿಂದ ಒಳಕ್ಕೆ ನೂಕುತ್ತದೆ. ಆದ್ದರಿಂದ ಎಳೆದು ನೂಕುವ ದಂಡಕ್ಕಿಂತ, ಇದ್ದಲ್ಲಿಯೇ ಹೊರಳುವ ದಂಡವು ಯುಕ್ತವೆಂದು ಅನುಭವಸ್ಥರು ಹೇಳುತ್ತಾರೆ. ಇವೆಲ್ಲಕ್ಕಿಂತ ಮುಖ್ಯವಾದುದು, ಒಡಲಿನಿಂದ ಹೊರಚಾಚಿದ ಪ್ರತಿಯೊಂದು ಅಂಗವೂ ಹಗ್ಗ ಬಲೆಗಳಿಗೆ ಸಿಕ್ಕಿಬೀಳುವ ಕೊಕ್ಕೆಯೆಂಬುದು. 1973ರ ಜೂನ್ ತಿಂಗಳಿನಲ್ಲಿ ಫ್ಲಾರಿಡದ ಕೀ ವೆಸ್ಟ್ ಬಳಿ, ಮುಳುಗಿಸಿದ್ದ ಹಡಗೊಂದರ ಅವಶೇಷದಲ್ಲಿ ‘ಜಾನ್ಸನ್ ಸೀ ಲಿಂಕ್’ ಎಂಬ ಸಂಶೋಧನಾ ಜಲಾಂತರ್ಗಾಮಿಯು ಒಂದು ದಿನಕ್ಕೂ ಮೀರಿ ಸಿಕ್ಕಿಕೊಂಡು, ಒಳಗಿದ್ದ ನಾಲ್ವರಲ್ಲಿ ಇಬ್ಬರು ಪ್ರಾಣಬಿಟ್ಟರು. ಅದನ್ನು ಕಟ್ಟಿದವರು ಹವ್ಯಾಸಿಗಳಲ್ಲ, ನುರಿತವರು. ರೆಕ್ಕೆಗೂ ಒಡಲಿಗೂ ನಡುವೆ ಬಾಯಿಬಿಟ್ಟ ಸಂದುಗಳನ್ನು ಮುಚ್ಚುವ ಕಂಬಿಕಟ್ಟು ರೆಕ್ಕೆಯಷ್ಟೇ ಅಗತ್ಯವಾದ ಭಾಗ.

ಇದಕ್ಕೆ ತೀರ ಭಿನ್ನವಾದ ಇನ್ನೊಂದು ಹವ್ಯಾಸಿ ಲೋಕವೂ ಇದೆ. 1989ರಲ್ಲಿ ಫ್ಲಾರಿಡದಲ್ಲಿ ಆರಂಭವಾಗಿ, ಬಳಿಕ ಮೇರಿಲ್ಯಾಂಡಿನ ಕಾರ್ಡರಾಕ್‌ನಲ್ಲಿರುವ ನೌಕಾದಳದ ಪರೀಕ್ಷಾ ಕಾಲುವೆಗೆ ಸ್ಥಳಾಂತರಗೊಂಡ ಮಾನವಚಾಲಿತ ಜಲಾಂತರ್ಗಾಮಿಗಳ ಪಂದ್ಯದಲ್ಲಿ, ಕಾಲೇಜು ವಿದ್ಯಾರ್ಥಿಗಳು ತಾವೇ ಕಟ್ಟಿದ, ಒಳಗೆಲ್ಲ ನೀರು ತುಂಬಿದ ದೋಣಿಗಳಲ್ಲಿ ಬೋರಲು ಮಲಗಿ, ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತ, ಪೆಡಲು ತುಳಿದು ಓಡುತ್ತಾರೆ. ಅಲ್ಲಿ ಒಡಲಿನೊಳಗೂ ನೀರೇ ಇರುವುದರಿಂದ ಎರಡು ಕೇಂದ್ರಗಳ ಅಂತರದ ಲಾಭವು ಅತ್ಯಲ್ಪ. ಪ್ರೊಪೆಲರು ಒಂದು ಕಡೆಗೆ ತಿರುಗಿದರೆ ದೋಣಿಯು ಇನ್ನೊಂದು ಕಡೆಗೆ ಹೊರಳಲು ಹವಣಿಸುತ್ತದೆ. ಇದನ್ನು ತಡೆಯಲು ವಿರುದ್ಧ ದಿಕ್ಕುಗಳಲ್ಲಿ ತಿರುಗುವ ಜೋಡಿ ಪ್ರೊಪೆಲರುಗಳನ್ನು ಇಡುವವರುಂಟು. ಚಾಲಕನು ಬಿಟ್ಟ ಉಸಿರಿನ ಗುಳ್ಳೆಗಳು ಛಾವಣಿಯಲ್ಲಿ ಸೇರಿಕೊಂಡರೆ ದೋಣಿಯು ಹಗುರವಾಗಿ ಮೇಲೇಳತೊಡಗುವುದರಿಂದ, ಅವು ಹೊರಟುಹೋಗಲು ಮೇಲ್ಗಡೆ ಕಿಂಡಿಗಳನ್ನು ಕೊರೆದಿಡಬೇಕು. ಕಾಲಿನ ಶಕ್ತಿಗೆ ವರ್ಷಗಟ್ಟಲೆ ತಾಲೀಮು ಮಾಡಿದ ತಂಡವೂ ತೂಕದ ಲೆಕ್ಕದಲ್ಲಿ ತಪ್ಪಿದರೆ ಕಾಲುವೆಯ ತಳವನ್ನೋ ಮೇಲ್ಮೈಯನ್ನೋ ಮುಟ್ಟಿ ಓಟವನ್ನು ಕಳೆದುಕೊಳ್ಳುತ್ತದೆ.

ತೂಕವನ್ನೂ ರೆಕ್ಕೆಯನ್ನೂ ಎದುರಾಳಿಗಳಂತೆ ಈ ತನಕ ಚಿತ್ರಿಸಿದೆನಾದರೂ ಅವೆರಡನ್ನೂ ಒಂದೇ ನೊಗಕ್ಕೆ ಹೂಡಿದವರೂ ಇದ್ದಾರೆ. ಕಾರ್ಲ್ ಸ್ಟ್ಯಾನ್ಲಿ ಎಂಬ ಅಮೆರಿಕದ ಯುವಕನು ಹದಿನೈದನೆಯ ವಯಸ್ಸಿನಲ್ಲಿ ಆರಂಭಿಸಿ ವರ್ಷಾನುವರ್ಷ ಕಟ್ಟಿದ ‘ಸಿ-ಬಗ್’ ಎಂಬ ದೋಣಿಯು ನೀರೊಳಗಿನ ಗ್ಲೈಡರು. ನೀರನ್ನು ಒಳಕ್ಕೆ ಬಿಟ್ಟುಕೊಂಡು ಭಾರವಾದರೆ ಅದು ರೆಕ್ಕೆಗಳ ಮೇಲೆ ಜಾರುತ್ತ ಮುಂದಕ್ಕೂ ಕೆಳಕ್ಕೂ ಹೋಗುತ್ತದೆ. ಗಾಳಿಯಿಂದ ನೀರನ್ನು ಹೊರದೂಡಿ ಹಗುರವಾದರೆ ಅದೇ ರೆಕ್ಕೆಗಳ ಮೇಲೆ ಮುಂದಕ್ಕೂ ಮೇಲಕ್ಕೂ ಜಾರುತ್ತದೆ. ಓಟಕ್ಕೆ ಮೋಟಾರಿನ ಹಂಗಿಲ್ಲ. ಬ್ರಿಟನ್ನಿನಲ್ಲಿ ಹುಟ್ಟಿದ ಎಂಜಿನಿಯರ್ ಗ್ರಹಾಂ ಹಾಕ್ಸ್ ತನ್ನ ‘ಡೀಪ್ ಫ್ಲೈಟ್’ ದೋಣಿಗಳಲ್ಲಿ ಹಾಲೆಂಡನ ಹಳೆಯ ಮತವನ್ನು ಅದರ ಕೊನೆಯ ಎಲ್ಲೆಗೆ ಒಯ್ದನು: ದೋಣಿಯು ಸದಾ ಹಗುರ, ತಲೆಕೆಳಗಾದ ವಿಮಾನದ ರೆಕ್ಕೆಗಳಂಥ ರೆಕ್ಕೆಗಳು ಓಟದ ಬಲದಿಂದ ಅದನ್ನು ಕೆಳಕ್ಕೆ ಹಾರಿಸುತ್ತವೆ, ಓಟ ನಿಂತರೆ ದೋಣಿಯು ತಾನಾಗಿ ಮೇಲೆ ಬರುತ್ತದೆ. ಹಾರುತ್ತಿರುವ ತನಕ ಅದರ ಚುಕ್ಕಾಣಿಗಳಿಗೆ ಪೂರ್ಣಾಧಿಕಾರ. ಒಂದೆಡೆ ನಿಂತು ನೋಡುವ ಭಾಗ್ಯ ಮಾತ್ರ ಅದಕ್ಕಿಲ್ಲ. ಎರಡೂ ದೋಣಿಗಳಲ್ಲಿ ಕರ್ತೃವು ಮೊದಲು ತೂಕವನ್ನು ನಿಶ್ಚಯಿಸಿಕೊಂಡು, ಆ ತೂಕಕ್ಕೆ ತಕ್ಕ ರೆಕ್ಕೆಯನ್ನು ಆಮೇಲೆ ಬರೆದುಕೊಂಡನೆಂಬುದನ್ನು ಗಮನಿಸಬೇಕು.

ಹೀಗಿರಲಾಗಿ, ಸ್ವಂತ ಜಲಾಂತರ್ಗಾಮಿಯ ಹಂಬಲವುಳ್ಳವನು ಚುಕ್ಕಾಣಿಯ ನಕ್ಷೆಗೆ ಕೈಹಾಕುವ ಮುನ್ನ ಒಂದು ಪಟ್ಟಿಯನ್ನು ಬರೆಯತೊಡಗಬೇಕು: ದೋಣಿಯ ಪ್ರತಿಯೊಂದು ಅಂಗದ ತೂಕವೆಷ್ಟು, ಅದು ಮೂತಿಯಿಂದ ಎಷ್ಟು ದೂರ, ತಳದಿಂದ ಎಷ್ಟು ಎತ್ತರ ಎಂಬುದರ ಪಟ್ಟಿ. ಕಟ್ಟಿ ಮುಗಿದ ಮೇಲೆ ಆ ಪಟ್ಟಿಯ ಸತ್ಯಾಸತ್ಯತೆಯನ್ನು ಒಂದು ದಾರದಿಂದ ಪರೀಕ್ಷಿಸಬಹುದು. ದೋಣಿಯನ್ನು ಆಳವಿಲ್ಲದ ಶಾಂತವಾದ ನೀರಿನಲ್ಲಿ ಮುಳುಗಿಸಿ ನಿಲ್ಲಿಸಿ, ಒಳಗಡೆ ಒಂದು ಮೀಟರು ಉದ್ದದ ದಾರಕ್ಕೆ ಗುಂಡು ಕಟ್ಟಿ ತೂಗುಬಿಟ್ಟು, ಗುಂಡು ನಿಂತ ಜಾಗವನ್ನು ಹಲಗೆಯ ಮೇಲೆ ಗುರುತಿಸಿ, 20 ಕಿಲೋಗ್ರಾಮಿನ ತೂಕವೊಂದನ್ನು ಹಿಂದಿನಿಂದ ಮುಂದಕ್ಕೆ ಒಂದು ಮೀಟರು ಸರಿಸತಕ್ಕದ್ದು. 2,000 ಕಿಲೋಗ್ರಾಮಿನ ನಮ್ಮ ದೋಣಿಯಲ್ಲಿ ಗುಂಡು ಹಲಗೆಯ ಮೇಲೆ 10 ಸೆಂಟಿಮೀಟರು ಸರಿದರೆ, ಎರಡು ಕೇಂದ್ರಗಳ ಅಂತರವು 10 ಸೆಂಟಿಮೀಟರೆಂದು ಸಿದ್ಧವಾಯಿತು. 20 ಸೆಂಟಿಮೀಟರು ಸರಿದರೆ ಅಂತರವು ಐದೇ ಸೆಂಟಿಮೀಟರು, ಸೀಸವನ್ನು ಇನ್ನೂ ಕೆಳಗಿಳಿಸಬೇಕು. ಗುಂಡು ಅಲುಗಿಯೂ ಅಲುಗದಂತಿದ್ದರೆ ದೋಣಿಯು ಅತಿಯಾಗಿ ಬಿಗಿಯಾಗಿದೆ, ಬಾಲದ ರೆಕ್ಕೆಗಳು ಅದನ್ನು ಎಂದಿಗೂ ಬಾಗಿಸಲಾರವು, ಅಂಥ ದೋಣಿಗೆ ಲೇಕನ ದಾರಿಯೇ ಗತಿ. ಎಷ್ಟು ದೊಡ್ಡ ರೆಕ್ಕೆ, ಎಲ್ಲಿ, ಯಾವ ವೇಗಕ್ಕೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವು ಆ ಹಲಗೆಯ ಮೇಲಣ ಎರಡು ಗುರುತುಗಳಿಂದ ಹೊರಡತಕ್ಕುದಾದ್ದರಿಂದ, ಗರಗಸವನ್ನು ಹಿಡಿದು ರೆಕ್ಕೆಯನ್ನು ಕೊಯ್ಯುವುದಕ್ಕೆ ಅದಾದ ಮೇಲೆ ಹೊರಡುವುದೇ ಸರಿಯಾದ ಕ್ರಮ.